ಎಡದ ಅರ್ಧ, ಬಲದ ಅರ್ಧ

ಮಾರ್ಚ್ 3

ತಮ್ಮಾ,

ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿರುವುದನ್ನು ಕಾರು ಪತ್ರಿಕೆಯ ಮುಖಪುಟದಲ್ಲಿ ನೋಡಿದೆ. ನಿನ್ನ ಪಕ್ಕದಲ್ಲಿ ನಿಂತಿರುವ ಕಾರು ಚೆನ್ನಾಗಿಲ್ಲದಿರುವುದನ್ನೂ ನೋಡಿದೆ. ಅಮ್ಮ ಹೋದಮೇಲೆ ಮೂರು ವರ್ಷ ನಿನಗೆ ಒಂದು ಸಾಲೂ ಬರೆಯದವಳು ಈಗ ಪೆನ್ನು ಹಿಡಿದಿದ್ದೇನೆಂದರೆ ವಿಷಯ ಎಷ್ಟು ಕೆಟ್ಟಿದೆ ಎಂದು ನೀನೇ ಅಂದಾಜು ಮಾಡಿಕೊ.

ಅದೇನೋ ಅದು, ಮುಖವಾ? ಬಾನೆಟ್ಟಿನ ಅಂಚಿನಿಂದ ಹೆಚ್ಚುಕಡಿಮೆ ನೆಲದವರೆಗೆ ಒಂದೇ ಗ್ರಿಲ್ಲು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತವರೂ ಅಷ್ಟು ಬಾಯಿ ತೆಗೆಯುವುದಿಲ್ಲ. ಸ್ಕೇಲು ಇಟ್ಟು ಅಳೆದೆ. ಮುಖದ ಎತ್ತರದಲ್ಲಿ ಮೂರರಲ್ಲಿ ಎರಡು ಪಾಲು ಬಾಯಿಯೇ ಇದೆ. ಆಮೇಲೆ ಕಣ್ಣು ಎಲ್ಲಿ ಎಂದು ಹುಡುಕಿದೆ. ಮೂಲೆಯಲ್ಲಿ ಎರಡು ಗೀರು ಸಿಕ್ಕವು. ಕನ್ನಡಕ ಮರೆತು ಬಂದವರು ಬಸ್ಸಿನ ಬೋರ್ಡು ಓದುವಾಗ ಕಣ್ಣು ಕಿರಿದು ಮಾಡುತ್ತಾರಲ್ಲ, ಥೇಟ್ ಹಾಗೆ. ಪಕ್ಕದ ಮನೆಯ ಟೈಲರಮ್ಮನಿಗೆ ತೋರಿಸಿದೆ. ಅವಳಿಗೆ ಕಾರಿನ ಗಂಧವೂ ಇಲ್ಲ. "ಯಾಕಕ್ಕ ಇದು ಹೀಗೆ ಮೈಮೇಲೆ ಬೀಳೋ ಹಾಗೆ ನೋಡ್ತಿದೆ?" ಎಂದಳು.

ನೀನೀಗ ಮುಖ್ಯಸ್ಥನಾಗಿರುವ ಆ ಸ್ಟುಡಿಯೋದಲ್ಲಿ ಮೂವತ್ತು ವರ್ಷ ಕಾರುಗಳ ಮಣ್ಣಿನ ಮಾದರಿ ಕೆತ್ತಿದವಳು ನಾನು. ಇಪ್ಪತ್ತೆಂಟು ವರ್ಷದ ಹಿಂದೆ ಅಲ್ಲಿಂದ ಹೊರಬಿದ್ದ ಕಾರಿಗೆ ಜನ 'ದೊರೆಸಾನಿ' ಎಂದು ಹೆಸರಿಟ್ಟರು. ಕಂಪನಿ ಇಟ್ಟಿದ್ದು ಬರೀ ನಂಬರು. ಹೆಸರಿಟ್ಟವರು ಫುಟ್‌ಪಾತಿನಲ್ಲಿ ನಿಂತು ನೋಡಿದವರು. ಕಿರಿದಾದ ಬಾಯಿ, ದುಂಡು ಕಣ್ಣು, ಹೆಗಲಿನಿಂದ ಹಿಂಬದಿಯವರೆಗೆ ಒಂದೇ ಉಸಿರಿನಲ್ಲಿ ಹೋಗುವ ಗೆರೆ. ಉಳ್ಳವರು ಕೂಗಾಡಬೇಕಾಗಿಲ್ಲ ಎಂದು ಆ ಮುಖ ಹೇಳುತ್ತಿತ್ತು. ನಿನ್ನ ಹೊಸದು ಬರೀ ಕೂಗಾಟ.

ಎಲ್ಲ ಪುಸ್ತಕಗಳಲ್ಲೂ ದೊರೆಸಾನಿಯ ಪಕ್ಕ ನಿನ್ನ ಹೆಸರೇ ಇದೆ. ಆ ಹೆಸರಿಗಾದರೂ ಮರ್ಯಾದೆ ಕೊಟ್ಟು ಇದನ್ನು ಕೈಬಿಡು.

ನಿನ್ನ ಅಕ್ಕ


ಮಾರ್ಚ್ 15

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ತಲುಪಿತು. ಅಭಿಪ್ರಾಯಕ್ಕೆ ವಂದನೆಗಳು. ವಿನ್ಯಾಸ ವಿಭಾಗದ ಮುಖ್ಯಸ್ಥನಾಗಿ ಎರಡು ಮಾತು ಸ್ಪಷ್ಟಪಡಿಸುತ್ತೇನೆ.

ಇವತ್ತು ಕಾರನ್ನು ಯಾರೂ ಮೊದಲು ರಸ್ತೆಯಲ್ಲಿ ನೋಡುವುದಿಲ್ಲ. ಫೋನಿನಲ್ಲಿ ನೋಡುತ್ತಾರೆ. ಹೆಬ್ಬೆರಳಿನ ಉಗುರಿನಷ್ಟು ಚಿತ್ರ, ಅದೂ ಅರೆಕ್ಷಣ. ಅಷ್ಟರಲ್ಲಿ ಇದು ಯಾವ ಕಂಪನಿಯದು ಎಂದು ತಿಳಿಯಬೇಕು. ಕಿರಿದಾದ ಬಾಯಿ ಆ ಅಳತೆಯಲ್ಲಿ ಒಂದು ಚುಕ್ಕೆ. ದೊರೆಸಾನಿಯನ್ನು ಕೊಂಡವರ ಸರಾಸರಿ ವಯಸ್ಸು ಅರವತ್ತೊಂದು. ನಮ್ಮ ಹೊಸ ಗಿರಾಕಿಗಳಿಗೆ ಮೂವತ್ತಾರು. ಅವರು ಸಂಪಾದಿಸಿದ್ದನ್ನು ಮುಚ್ಚಿಟ್ಟುಕೊಳ್ಳಲು ಕಾರು ಕೊಳ್ಳುವುದಿಲ್ಲ. ಮುಂದಿನ ಗಾಡಿಯ ಕನ್ನಡಿಯಲ್ಲಿ ತಮ್ಮ ಕಾರು ಕಂಡ ತಕ್ಷಣ ಆತ ಪಕ್ಕಕ್ಕೆ ಸರಿಯಬೇಕು ಎಂಬುದು ಅವರ ಆಸೆ. ಆಸೆಯನ್ನು ತಿದ್ದುವುದು ನನ್ನ ಕೆಲಸವಲ್ಲ.

ಇನ್ನೊಂದು ಮಾತು. ಇನ್ನು ಎರಡು ವರ್ಷಕ್ಕೆ ನಾನು ನಿವೃತ್ತ. ಇದು ನನ್ನ ಕೊನೆಯ ಕಾರು. ಜೂನ್ ಹತ್ತರಂದು ಕಂಪನಿಯ ಆಡಳಿತ ಮಂಡಳಿ ಎರಡು ಮಾದರಿಗಳಲ್ಲಿ ಒಂದನ್ನು ಆರಿಸುತ್ತದೆ. ಒಂದು ನನ್ನದು. ಇನ್ನೊಂದನ್ನು ನಮ್ಮಲ್ಲೇ ಇರುವ ಹೊಸಬರ ತಂಡ ಮಾಡಿದೆ. ಅದು ದೊರೆಸಾನಿಯ ಮೊಮ್ಮಗಳಂತಿದೆ. ಹೊಸಬರೇ ಹಳೆಯದನ್ನು ತಬ್ಬಿಕೊಂಡು ಕೂತಿರುವಾಗ ನೀನೂ ಅವರ ಬೆನ್ನು ತಟ್ಟಬೇಡ ಎಂದು ವಿನಂತಿ.

ಇಂತಿ,
ತಮ್ಮ


ಮಾರ್ಚ್ 24

ಮುಖ್ಯಸ್ಥರಿಗೆ,

ಕಂಪನಿಯ ಮುದ್ರೆಯ ಕಾಗದದಲ್ಲಿ, ಕಂಪ್ಯೂಟರಿನಲ್ಲಿ ಹೊಡೆಸಿ, ಒಡಹುಟ್ಟಿದವಳಿಗೆ ಪತ್ರ ಕಳಿಸಿದ್ದೀರಿ. ಕೆಳಗೆ ಸಹಿ ಮಾತ್ರ ಕೈಬರಹ. ಅದನ್ನಾದರೂ ತಾವೇ ಮಾಡಿದಿರೋ ಅಥವಾ ಅದಕ್ಕೂ ಒಬ್ಬ ಸಹಾಯಕ ಇದ್ದಾನೋ?

ಹೊಸ ಕಾರು ಬ್ಯಾಟರಿಯದಂತೆ. ಪತ್ರಿಕೆಯಲ್ಲಿ ಓದಿದೆ. ಎಂಜಿನ್ನೇ ಇಲ್ಲ, ತಣ್ಣಗಾಗಬೇಕಾದದ್ದೂ ಅಷ್ಟಿಲ್ಲ. ಹಾಗಾದರೆ ಗಾಳಿ ಕುಡಿಯಲು ಅಷ್ಟು ದೊಡ್ಡ ಬಾಯಿ ಯಾಕೆ? ಆ ಗ್ರಿಲ್ಲಿನ ಹಿಂದೆ ಏನಿದೆ? ಪ್ಲಾಸ್ಟಿಕ್ ಹಲಗೆ! ಬಾಯಿ ತೆರೆದೇ ಇಲ್ಲ, ತೆರೆದ ಹಾಗೆ ಬಣ್ಣ ಬಳಿದಿದ್ದೀಯ. ಗಿರಾಕಿಯ ಆಸೆಯಂತೆ. ನಿನ್ನ ವಾದಕ್ಕೂ ಆ ಗ್ರಿಲ್ಲಿಗೂ ಏನೂ ವ್ಯತ್ಯಾಸವಿಲ್ಲ, ಎರಡರ ಹಿಂದೆಯೂ ಟೊಳ್ಳು.

ಮೊನ್ನೆ ಇಲ್ಲಿನ ಶೋರೂಮಿಗೆ ಹೋಗಿ ನಿಮ್ಮ ಈಗಿನ ಕಾರಿನಲ್ಲಿ ಕೂತೆ. ಸೇಲ್ಸಿನವನು ನನ್ನ ಚಪ್ಪಲಿ ನೋಡಿಕೊಂಡೇ ಬಾಗಿಲು ತೆಗೆದ. ಡ್ಯಾಶ್‌ಬೋರ್ಡಿನಲ್ಲಿ ಈ ತುದಿಯಿಂದ ಆ ತುದಿಗೆ ಒಂದೇ ಗಾಜು. ಒಂದು ತಿರುಪು ಇಲ್ಲ, ಒಂದು ಗುಂಡಿ ಇಲ್ಲ. "ಎಸಿ ಜಾಸ್ತಿ ಮಾಡೋದು ಎಲ್ಲಪ್ಪಾ?" ಅಂದೆ. "ಮೊದಲು ಇಲ್ಲಿ ಒತ್ತಿ ಮೇಡಂ, ಆಮೇಲೆ ಪಕ್ಕಕ್ಕೆ ಎಳೀರಿ, ಆಮೇಲೆ..." ಅಂದ. ಅವನು ಹೇಳಿ ಮುಗಿಸುವಷ್ಟರಲ್ಲಿ ನಿಜವಾದ ರಸ್ತೆಯಾಗಿದ್ದರೆ ಎದುರಿನ ಲಾರಿಗೆ ಗುದ್ದಿರುತ್ತಿದ್ದೆವು. ದೊರೆಸಾನಿಯಲ್ಲಿ ತಿರುಪು ಎಲ್ಲಿದೆ ಎಂದು ಬೆರಳಿಗೆ ಗೊತ್ತಿತ್ತು, ಕಣ್ಣು ರಸ್ತೆ ಬಿಟ್ಟು ಬರಬೇಕಾಗಿರಲಿಲ್ಲ.

ನಿನಗೆ ನಾನು ಕಲಿಸಿದ ಮೊದಲ ಪಾಠ ಯಾವುದು? ಕಣ್ಣು ಮುಚ್ಚಿ ಅಂಗೈಯನ್ನು ಮಣ್ಣಿನ ಮೇಲೆ ಆಡಿಸು. ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ತಪ್ಪಿದೆ. ಈಗ ನಿನ್ನ ಸ್ಟುಡಿಯೋದಲ್ಲಿ ಯಾರ ಕೈಗಾದರೂ ಮಣ್ಣು ಅಂಟುತ್ತದೆಯಾ?

ದೊರೆಸಾನಿ ಇಟ್ಟುಕೊಂಡವರ ಸಂಘದವರು ತಮ್ಮ ಸಂಚಿಕೆಗೆ ಬರೆಯಿರಿ ಎಂದು ದುಂಬಾಲು ಬಿದ್ದಿದ್ದಾರೆ. ಇಷ್ಟು ದಿನ ಬೇಡ ಎನ್ನುತ್ತಿದ್ದೆ. ಈಗ ಒಪ್ಪಿಕೊಂಡೆ.

ಅಕ್ಕ


ಏಪ್ರಿಲ್ 21

ಅಕ್ಕಾ,

ಈ ಸಲ ಕೈಯಲ್ಲೇ ಬರೆಯುತ್ತಿದ್ದೇನೆ. ಸಿಟ್ಟಿಗೆ ಪೆನ್ನು ಎರಡು ಕಡೆ ಕಾಗದ ಹರಿದಿದೆ.

ಸಂಘದ ಸಂಚಿಕೆಯ ಲೇಖನಕ್ಕೆ 'ಬಾಯಿಬಡುಕ ಕಾರು' ಎಂದು ತಲೆಬರಹ ಕೊಟ್ಟಿದ್ದೀಯ. ಚೆನ್ನಾಗಿದೆ. ನಗು ಬರುವಂತಿದೆ. ಮಂಡಳಿಯ ಅಧ್ಯಕ್ಷೆ ನನ್ನನ್ನು ಕರೆದು ಆ ಸಂಚಿಕೆಯನ್ನು ಮೇಜಿನ ಮೇಲಿಟ್ಟರು. "ನಿಮ್ಮ ಮನೆಯವರೇ ಒಪ್ಪದ ಮುಖವನ್ನ ನಾವು ಯಾರಿಗೆ ಮಾರೋಣ?" ಅಂದರು. ಹನ್ನೆರಡು ಜನರ ಎದುರು.

ನೀನು ಕಲಿಸಿದ ಮೊದಲ ಪಾಠ ಅಂಗೈಯದಲ್ಲ. ನಾನು ಸ್ಟುಡಿಯೋಗೆ ಸೇರಿದ ಮೊದಲ ವಾರ, ಮಣ್ಣು ಹೆರೆಯುವ ಉಕ್ಕಿನ ಪಟ್ಟಿಯನ್ನು ಅಡ್ಡ ಹಿಡಿದೆ ಎಂದು ಅದೇ ಪಟ್ಟಿಯಿಂದ ನನ್ನ ಗೆಣ್ಣಿಗೆ ಹೊಡೆದೆ, ಎಲ್ಲರೂ ನೋಡುತ್ತಿದ್ದಾಗ. ಅದು ಮೊದಲ ಪಾಠ. ಎರಡನೆಯದು, ನಾನು ಏನು ಮಾಡಿದರೂ ನೀನು ಹಿಂದಿನಿಂದ ಬಂದು "ಸರಿ, ಸರಿ, ಪಕ್ಕಕ್ಕೆ ಸರಿ" ಎಂದು ತಿದ್ದುವುದು. ನನಗೆ ಅಗಲ ಬಾಯಿ ಇಷ್ಟ ಅಂದರೆ ಮೂಗು ಮುರಿಯುತ್ತಿದ್ದೆ. ನಾನು ಅವತ್ತಿನಿಂದಲೂ ಅದನ್ನೇ ಇಷ್ಟಪಟ್ಟವನು. ಫೋನು ಬರುವುದಕ್ಕೆ ಮುಂಚಿನಿಂದ, ಆ ಮೂವತ್ತಾರರ ಗಿರಾಕಿಗಳು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗಿನಿಂದ.

ನನ್ನ ಹಿಂದಿನ ಪತ್ರದ ವಾದವೆಲ್ಲ ಮಂಡಳಿಗೆ ಹೇಳುವಂಥದ್ದು, ಒಪ್ಪಿಕೊಳ್ಳುತ್ತೇನೆ. ನಿನಗೆ ನಿಜ ಹೇಳುತ್ತೇನೆ. ನನಗೆ ಆ ಮುಖ ಚೆಂದ ಕಾಣುತ್ತದೆ. ಎದುರಿಗೆ ಬಂದು ನಿಂತು "ಹೂಂ, ನಾನೇ" ಅನ್ನುವ ಮುಖ. ಸಂಕೋಚವಿಲ್ಲದ್ದು. ಎಲ್ಲರೂ ತುಟಿ ಬಿಗಿದುಕೊಂಡು ನಗುವ ಮನೆಯಲ್ಲಿ ಬೆಳೆದವನಿಗೆ ಅದು ಎಷ್ಟು ಚೆಂದ ಎಂದು ನಿನಗೆ ಗೊತ್ತಾಗುವುದಿಲ್ಲ.

ಇಪ್ಪತ್ತೆಂಟು ವರ್ಷದಿಂದ ದೊರೆಸಾನಿ ನನ್ನ ಹೆಗಲೇರಿ ಕೂತಿದ್ದಾಳೆ. ಯಾವ ಊರಿಗೆ ಹೋದರೂ ಅವಳದೇ ಮಾತು. ಒಂದೇ ಒಂದು ಕಾರು ನನ್ನದು ಅನ್ನುವಂಥದ್ದು ರಸ್ತೆಗೆ ಬರಲಿ ಎಂದು ಕಾದಿದ್ದೇನೆ. ಜೂನ್ ಹತ್ತರವರೆಗೆ ಸುಮ್ಮನಿರು. ಕೇಳಿಕೊಳ್ಳುತ್ತಿದ್ದೇನೆ.

ತಮ್ಮ


ಏಪ್ರಿಲ್ 28

ತಮ್ಮಾ,

"ಒಂದೇ ಒಂದು ಕಾರು ನನ್ನದು ಅನ್ನುವಂಥದ್ದು." ಆ ಸಾಲನ್ನು ನಾಲ್ಕು ಸಲ ಓದಿದೆ. ಬಾಯಿತಪ್ಪಿ ಬಂತೋ, ಧೈರ್ಯ ಮಾಡಿ ಬರೆದೆಯೋ?

ಹಾಗಾದರೆ ದೊರೆಸಾನಿ ಯಾರದು?

ನೀನು ಹೇಳುವುದಿಲ್ಲ, ನಾನೇ ಹೇಳುತ್ತೇನೆ. ಒಂದೇ ಮಣ್ಣಿನ ಮಾದರಿ, ಎಡದ ಅರ್ಧಕ್ಕೆ ಒಬ್ಬರ ಮುಖ, ಬಲದ ಅರ್ಧಕ್ಕೆ ಇನ್ನೊಬ್ಬರ ಮುಖ. ನಡುವೆ ಆಳೆತ್ತರದ ಕನ್ನಡಿ ನಿಲ್ಲಿಸಿದರೆ ಯಾವ ಅರ್ಧವಾದರೂ ಪೂರ್ತಿ ಕಾರಾಗಿ ಕಾಣುತ್ತದೆ. ಆ ಸ್ಟುಡಿಯೋದ ಪದ್ಧತಿಯೇ ಅದು. ಎಡದ ಅರ್ಧ ನಾನು ಕೆತ್ತಿದ್ದು, ಬಲದ ಅರ್ಧ ನೀನು. ಹೊರಬಂದ ಕಾರು ಎರಡೂ ಕಡೆ ನನ್ನ ಎಡದ ಅರ್ಧ. ಹೆಸರು ಮಾತ್ರ ನಿನ್ನದು. ಬಹುಮಾನ ನಿನ್ನದು, ಈ ಮುಖ್ಯಸ್ಥನ ಕುರ್ಚಿಯೂ ಅದರಿಂದಲೇ ಬಂದದ್ದು.

ನಾನು ಬಾಯಿಗೆ ಬೀಗ ಹಾಕಿಕೊಂಡು ಕಾದೆ. ಒಂದು ದಿನ ಬಂದು "ಅಕ್ಕಾ, ಅದು ನಿಂದು" ಅಂತೀಯ ಎಂದು. ಊರಿಗೆಲ್ಲ ಹೇಳಬೇಕಾಗಿರಲಿಲ್ಲ, ಅಡುಗೆಮನೆಯಲ್ಲಿ ನಿಂತು ನನಗೊಬ್ಬಳಿಗೆ ಹೇಳಿದ್ದರೆ ಸಾಕಿತ್ತು. ಅಮ್ಮನ ಹಾಸಿಗೆಯ ಆಚೆ ಈಚೆ ಕೂತಿದ್ದಾಗಲೂ ನೀನು ಹೇಳಲಿಲ್ಲ.

ಈಗ ಆ ಮುಖವನ್ನೇ ಅಳಿಸಲು ಹೊರಟಿದ್ದೀಯ. ನನ್ನ ಹೆಸರಂತೂ ಇಲ್ಲ, ಮುಖವಾದರೂ ಉಳಿಯಲಿ. ನಿನ್ನ ಮಾದರಿಯನ್ನು ಜೂನ್ ಹತ್ತಕ್ಕೆ ಮುಂಚೆ ನೀನಾಗಿ ಹಿಂದಕ್ಕೆ ತೆಗೆದುಕೊ. ಇಲ್ಲದಿದ್ದರೆ ದೊರೆಸಾನಿಯನ್ನು ಯಾರು ಮಾಡಿದರು ಎಂದು ಮಂಡಳಿಗೆ ನಾನೇ ಬರೆಯುತ್ತೇನೆ.

ಅಕ್ಕ


ಮೇ 5

ಬರೆ.

ತಮ್ಮ


ಮೇ 14

ತಮ್ಮಾ,

ಬರೆದೆ. ಮಂಡಳಿಗೆ ಬರೆದ ಪತ್ರ ಈ ಪತ್ರದ ಪಕ್ಕದಲ್ಲೇ ಇದೆ. ಎರಡನ್ನೂ ಒಟ್ಟಿಗೆ ಅಂಚೆ ಡಬ್ಬಿಗೆ ಹಾಕುತ್ತೇನೆ. ಅದರಲ್ಲಿ ಬರೆಯದ ಒಂದು ಸಂಗತಿ ಇದೆ. ಅದನ್ನು ನಿನಗೆ ಮಾತ್ರ ಬರೆಯುತ್ತೇನೆ. ನನ್ನ ಕಾರು ನಿನ್ನ ಹೆಸರಿಗೆ ಹೇಗೆ ಹೋಯಿತು ಎಂದು ನಿನಗೆ ಗೊತ್ತಾಗಲಿ. ಅದೃಷ್ಟ ಎಂದುಕೊಂಡಿದ್ದೀಯೇನೋ.

ಆ ತಿಂಗಳು ನಿನ್ನ ತರಬೇತಿ ಮುಗಿಯುವುದಿತ್ತು. ಸ್ಟುಡಿಯೋದ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು, "ಅವನ ಅರ್ಧ ಆಯ್ಕೆಯಾಗದಿದ್ರೆ ಅವನನ್ನ ಇಟ್ಟುಕೊಳ್ಳೋಕೆ ಆಗಲ್ಲಮ್ಮ" ಅಂದಿದ್ದರು. ನಿನಗೆ ನಾನು ಹೇಳಲಿಲ್ಲ. ಮಂಡಳಿಯವರು ಆಗ ಬೇರೆ ಊರಿನಲ್ಲಿದ್ದರು, ಮಾದರಿಯ ಫೋಟೋದ ಪುಟ್ಟ ಫಿಲಂ ಸ್ಲೈಡನ್ನು ಪ್ರೊಜೆಕ್ಟರಿಗೆ ಹಾಕಿ ಪರದೆಯ ಮೇಲೆ ನೋಡಿ ಆರಿಸುತ್ತಿದ್ದರು. ಅಮ್ಮನ ಕಣ್ಣಿನ ಆಪರೇಷನ್ ಅದೇ ವಾರ ಬಂದದ್ದರಿಂದ ನಾನು ಹೊರಡುವ ಹಾಗಿರಲಿಲ್ಲ. ಪ್ರೊಜೆಕ್ಟರಿನ ಸ್ಲೈಡು ತಟ್ಟೆಯನ್ನು ಜೋಡಿಸಿ ನಿನ್ನ ಕೈಗೆ ಕೊಟ್ಟವಳು ನಾನು.

ಫೋಟೋದಲ್ಲಿ ಎಡಗಡೆ ನನ್ನ ಮುಖ, ಬಲಗಡೆ ನಿನ್ನದು. ಜೊತೆಗಿದ್ದ ಹಾಳೆಯಲ್ಲಿ ಎಡಕ್ಕೆ ನನ್ನ ಹೆಸರು, ಬಲಕ್ಕೆ ನಿನ್ನ ಹೆಸರು. ನಾನು ಆ ಸ್ಲೈಡನ್ನು ಹಿಂದುಮುಂದಾಗಿ ತಿರುಗಿಸಿ ತಟ್ಟೆಗೆ ಹಾಕಿದೆ. ಹಾಗೆ ಹಾಕಿದರೆ ಪರದೆಯ ಮೇಲೆ ನನ್ನ ಮುಖ ಬಲಗಡೆ ಬರುತ್ತದೆ, ನಿನ್ನ ಹೆಸರಿನ ಕೆಳಗೆ. ಮಾದರಿಯ ಮುಂದೆ ನಂಬರು ಹಲಗೆ ಇದ್ದರೆ ಅಕ್ಷರ ತಿರುಗಿ ಗುಟ್ಟು ರಟ್ಟಾಗುತ್ತದೆ ಎಂದು ಫೋಟೋ ತೆಗೆಯುವ ಮುಂಚೆಯೇ ಹಲಗೆ ತೆಗೆದಿಟ್ಟಿದ್ದೆ. ಅಷ್ಟು ಯೋಚಿಸಿ ಮಾಡಿದ್ದು.

ನೀನು ಹಿಂದಿರುಗಿ ಬಂದೆ. ಬಲದ ಅರ್ಧ ಗೆದ್ದಿದೆ, ನಿನ್ನ ಹೆಸರು ಕೂಗಿದರು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನೀನು ಸುಮ್ಮನೆ ನನ್ನ ಎಡದ ಅರ್ಧದ ಅಳತೆ ತೆಗೆದು ಎರಡೂ ಕಡೆ ಅದನ್ನೇ ಕಟ್ಟಿದೆ. ಪರದೆಯ ಮೇಲೆ ಅವರು ಯಾವ ಮುಖಕ್ಕೆ ಬೆರಳು ತೋರಿಸಿದರು ಎಂದು ನೀನು ಕಣ್ಣಾರೆ ನೋಡಿದ್ದೆ. ಅದು ನನ್ನದೆಂದು ಗೊತ್ತಿದ್ದೂ ನುಂಗಿಕೊಂಡೆ.

ಕೊಟ್ಟವಳು ನಾನೇ, ಒಪ್ಪುತ್ತೇನೆ. ಕೊಟ್ಟದ್ದನ್ನು ತೆಗೆದುಕೊಂಡವನು ಒಂದು ಸಲ ತಲೆಯೆತ್ತಿ ನೋಡಲಿಲ್ಲವಲ್ಲ, ನನ್ನ ಸಿಟ್ಟು ಅದಕ್ಕೆ.

ಅಕ್ಕ


ಮೇ 25

ಅಕ್ಕಾ,

ನಿನ್ನ ಪತ್ರ ಬಂದು ಒಂದು ವಾರವಾಯಿತು. ಮೊದಲ ದಿನ ನಕ್ಕೆ. ಎರಡನೆಯ ದಿನ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ನೀನು ನಂಬರು ಹಲಗೆ ತೆಗೆದೆ. ಗೋಡೆಯ ಗಡಿಯಾರ ಮರೆತೆ.

ಸಭೆಗೆ ಒಂದು ಗಂಟೆ ಮುಂಚೆ ಹೋಗಿ, ಪ್ರೊಜೆಕ್ಟರು ಸರಿಯಿದೆಯೇ ಎಂದು ಒಬ್ಬನೇ ಹಾಕಿ ನೋಡಿದೆ. ಮಾದರಿಯ ಹಿಂದೆ, ನಮ್ಮ ಸ್ಟುಡಿಯೋದ ಗೋಡೆಯ ಮೇಲೆ, ಗಡಿಯಾರದ ಅಂಕಿಗಳೆಲ್ಲ ತಿರುಗುಮುರುಗಾಗಿದ್ದವು. ಅಮ್ಮನ ಆಪರೇಷನ್ನಿನ ಗಡಿಬಿಡಿಯಲ್ಲಿ ಅಕ್ಕ ಸ್ಲೈಡು ತಪ್ಪಾಗಿ ಹಾಕಿದ್ದಾಳೆ, ಪಾಪ ಎಂದುಕೊಂಡೆ. ತೆಗೆದು ಸರಿಯಾಗಿ ಹಾಕಿದೆ. ನಿನ್ನ ಮುಖ ಎಡಕ್ಕೇ ಬಂತು, ನಿನ್ನ ಹೆಸರಿನ ಕೆಳಗೆ. ನನ್ನದು ಬಲಕ್ಕೆ, ನನ್ನ ಹೆಸರಿನ ಕೆಳಗೆ.

ಅವರು ಬಲಕ್ಕೆ ಬೆರಳು ತೋರಿಸಿದರು. ನನ್ನದಕ್ಕೆ.

ನಂಬುವುದಿಲ್ಲ ಎಂದು ಗೊತ್ತು. ಅವತ್ತಿನ ಆದೇಶದ ಹಾಳೆ ಇದರ ಜೊತೆಗಿದೆ. ಇಪ್ಪತ್ತೆಂಟು ವರ್ಷ ನನ್ನ ಪೆಟ್ಟಿಗೆಯ ತಳದಲ್ಲಿತ್ತು. ಮೂರನೇ ಸಾಲು ಓದು: "ಅಗಲ ಗ್ರಿಲ್ ಇರುವ ಬಲ ಅರ್ಧವನ್ನೇ ಮುಂದುವರಿಸುವುದು." ನಾಲ್ಕು ಜನರ ಸಹಿ ಇದೆ.

ಹಿಂದಿರುಗಿ ಬಂದ ದಿನ ಎಲ್ಲರೂ ಊಟಕ್ಕೆ ಹೋದಾಗ ಮಾದರಿಯ ಮುಂದೆ ಹೋಗಿ ನಿಂತೆ. ಗೆದ್ದಿದ್ದೇನಲ್ಲ, ಇನ್ನೊಂದು ಸಲ ಮುಟ್ಟಿ ನೋಡೋಣ ಎಂದು. ನೀನು ಕಲಿಸಿದ ಹಾಗೆ ಕಣ್ಣು ಮುಚ್ಚಿ ಅಂಗೈ ಆಡಿಸಿದೆ. ನಿನ್ನ ಅರ್ಧದಲ್ಲಿ ಕೈ ಎಲ್ಲೂ ನಿಲ್ಲಲಿಲ್ಲ. ನನ್ನದರಲ್ಲಿ ಮೂರು ಕಡೆ ನಿಂತಿತು. ಬಾಯಿಯ ಮೇಲಂಚಿನಲ್ಲಿ, ದೀಪದ ಒಳಮೂಲೆಯಲ್ಲಿ, ಕೆಳತುಟಿ ತಿರುಗುವಲ್ಲಿ. ಆಸೆ ಸರಿಯಾಗಿತ್ತು, ಕೈ ಸಾಲದಾಗಿತ್ತು. ಅದನ್ನು ರಸ್ತೆಗೆ ಕಳಿಸಲು ನನಗೆ ಮನಸ್ಸಾಗಲಿಲ್ಲ. ಆದೇಶವನ್ನು ಪೆಟ್ಟಿಗೆಗೆ ಹಾಕಿ ನಿನ್ನದನ್ನು ಕಟ್ಟಿದೆ. ಆರು ತಿಂಗಳ ಮೇಲೆ ಆಗಿನ ಅಧ್ಯಕ್ಷರು ನೋಡಲು ಬಂದರು. ಸುತ್ತ ಒಂದು ಸಲ ನಡೆದು, "ಹಾಂ, ಇದೇ ತಾನೆ ನಾವು ಆರಿಸಿದ್ದು!" ಅಂದರು. ಅವರಿಗೆ ನೆನಪೇ ಇರಲಿಲ್ಲ.

ನಿನಗೆ ಯಾಕೆ ಹೇಳಲಿಲ್ಲ? ಆದೇಶ ಮೀರಿದ್ದು ಹೊರಬಿದ್ದರೆ ನಾನೂ ಹೊರಗೆ, ಕಾರೂ ಹೊರಗೆ. ಆಮೇಲೆ ಹೊಗಳಿಕೆ ಶುರುವಾಯಿತು, ನಾಲಗೆ ಏಳಲಿಲ್ಲ. ಅದು ನನ್ನ ಹೇಡಿತನ, ಅದಕ್ಕೆ ಬೈದರೆ ಬೈಸಿಕೊಳ್ಳುತ್ತೇನೆ. ಆದರೆ ನಿನ್ನ ಅರ್ಧ ಎರಡು ಅರ್ಧವಾಗುತ್ತಿದ್ದುದನ್ನು ದಿನಾ ನೋಡುತ್ತಿದ್ದೆಯಲ್ಲ. ಅಕ್ಕ ಬಂದು "ನಂದನ್ನ ಉಳಿಸಿದೆಯಲ್ಲೋ" ಅಂತಾಳೆ ಎಂದು ನಾನೂ ಕಾದೆ. ನೀನು ಮುಖ ಗಂಟು ಹಾಕಿಕೊಂಡು ಓಡಾಡಿದೆ.

ಇದೆಲ್ಲ ಇರಲಿ. ನನಗೆ ನೋವಾಗಿರುವುದು ಬೇರೆ. ನೀನು ಸ್ಲೈಡು ತಿರುಗಿಸುವಾಗ, ಒಂದು ಕ್ಷಣಕ್ಕಾದರೂ, ನನ್ನ ಮುಖವೇ ಗೆಲ್ಲಬಹುದು ಎಂದು ನಿನಗೆ ಅನ್ನಿಸಲೇ ಇಲ್ಲ. ನಿನ್ನ ಉಪಕಾರದ ಸ್ಲೈಡನ್ನು ನೀನು ತಿರುಗಿಸಿದ ಹಾಗೇ ಬಿಟ್ಟಿದ್ದರೆ ನನ್ನ ಮುಖ ನಿನ್ನ ಹೆಸರಿನಲ್ಲಿ ಗೆದ್ದು, ನಾನು ಗಂಟುಮೂಟೆ ಕಟ್ಟುತ್ತಿದ್ದೆ. ಅದು ನಿನ್ನ ಲೆಕ್ಕದಲ್ಲೇ ಇರಲಿಲ್ಲ. ಗೆಣ್ಣಿಗೆ ಹೊಡೆದದ್ದನ್ನು ಮರೆಯುತ್ತೇನೆ. ಇದನ್ನು ಮರೆಯುವುದಿಲ್ಲ.

ತಮ್ಮ


ಮೇ 31

ತಮ್ಮಾ,

ಹಾಳೆ ಓದಿದೆ. ಸಹಿಗಳು ನಿಜ. ಅದರಲ್ಲಿ ಎರಡು ಕೈ ನನಗೆ ಗೊತ್ತು.

ಮಂಡಳಿಗೆ ಬರೆದ ಪತ್ರ ಹದಿನಾಲ್ಕನೇ ತಾರೀಖೇ ಹೋಯಿತು. ನಿನ್ನದರ ಜೊತೆಗೇ ಡಬ್ಬಿಗೆ ಹಾಕಿದೆ ಎಂದು ಬರೆದಿದ್ದೆನಲ್ಲ. ನಿನ್ನೆ ಅವರ ಕಚೇರಿಗೆ ಫೋನು ಮಾಡಿ, ಆ ಪತ್ರ ಓದಬೇಡಿ, ವಾಪಸು ಕಳಿಸಿ ಅಂದೆ. "ಓದಿ ಆಗಿದೆ ಅಮ್ಮಾ, ಹತ್ತನೇ ತಾರೀಖಿನ ಸಭೆಯ ಕಡತಕ್ಕೆ ಸೇರಿಸಿದ್ದೇವೆ" ಅಂದರು.

ನಿನ್ನ ಕಾರು ಈಗಲೂ ನನಗೆ ಇಷ್ಟವಿಲ್ಲ. ಆದರೆ ಬೀಳುವುದಿದ್ದರೂ ಈ ರೀತಿ ಬೀಳಬಾರದು.

ಅಕ್ಕ


ಜೂನ್ 11

ಅಕ್ಕಾ,

ನಿನ್ನ ಪತ್ರವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದರು. ಚೆನ್ನಾಗಿ ಬರೆದಿದ್ದೀಯ, ಎಂದಿನಂತೆ. ಅಧ್ಯಕ್ಷೆ ನನ್ನ ಕಡೆ ತಿರುಗಿ, "ಇದಕ್ಕೆ ಏನಂತೀರಿ?" ಅಂದರು.

ಎದ್ದು ನಿಂತೆ. "ಹೌದು, ದೊರೆಸಾನಿ ನಮ್ಮಕ್ಕನದು, ಪೂರ್ತಿ ಅವಳದೇ" ಅಂದೆ. ಆದೇಶದ ವಿಷಯ ಎತ್ತಲಿಲ್ಲ. ಸಹಿ ಮಾಡಿದ ನಾಲ್ವರೂ ಈಗಿಲ್ಲ, ಯಾರ ಮುಂದೆ ಏನು ವಾದಿಸುವುದು? ನೀನು ಇಪ್ಪತ್ತೆಂಟು ವರ್ಷ ಕಾದ ಸಾಲು ಅದು. ಹೇಳಿದಾಗ ನೀನು ಅಲ್ಲಿರಲಿಲ್ಲ.

ಆಮೇಲೆ ಕೈಯೆತ್ತಿಸಿದರು. ನನ್ನ ಮುಖಕ್ಕೆ ನಾಲ್ಕು ಕೈ, ಹೊಸಬರು ಮಾಡಿದ ಮೊಮ್ಮಗಳಿಗೆ ಎಂಟು. ನಿನ್ನ ಆ ಪತ್ರ ತಲುಪುವ ಮುಂಚೆ ಲೆಕ್ಕ ಇದಕ್ಕೆ ಉಲ್ಟಾ ಇತ್ತು. ಅದನ್ನೂ ನಿನಗೆ ತಿಳಿಸಬೇಕು ಅನ್ನಿಸಿತು.

ಇನ್ನೂ ಇದೆ. ಹೊಸ ಕಾರಿನ ಕೊನೆಯ ಮಣ್ಣಿನ ಮಾದರಿಗೆ "ನಿಜವಾದ ಕೈ" ಬೇಕಂತೆ. ನಿನ್ನನ್ನು ಕರೆಸುತ್ತಾರೆ, ಅವರ ಪತ್ರ ಈ ವಾರ ಬರುತ್ತದೆ. ಮೇಲ್ವಿಚಾರಣೆ ನನ್ನದು. ಅಂದರೆ ನಿನ್ನ ಮುಖವನ್ನು ನಾನು ಎರಡನೇ ಸಲ ಕಟ್ಟಬೇಕು. ಮೊದಲ ಸಲ ನಾನಾಗಿ ಕಟ್ಟಿದ್ದೆ.

ನಿನ್ನ ಮುಖ ಉಳಿಯಿತು, ಹೆಸರೂ ಬಂತು. ಗೆದ್ದೆ. ಚಪ್ಪಾಳೆ.

ತಮ್ಮ


ಜೂನ್ 19

ತಮ್ಮಾ,

ಮಂಡಳಿಯ ಪತ್ರ ಬಂತು. ಬರುತ್ತೇನೆ ಎಂದು ಬರೆದಿದ್ದೇನೆ. ಜೊತೆಗೆ ಒಂದು ಷರತ್ತು ಹಾಕಿದ್ದೇನೆ. ಅವರು ಒಪ್ಪಿಕೊಂಡು ಫೋನು ಮಾಡಿದರು, ಆದ್ದರಿಂದ ನಿನ್ನ ಒಪ್ಪಿಗೆ ಬೇಕಾಗಿಲ್ಲ. ಮಾದರಿ ಹಳೆಯ ಪದ್ಧತಿಯಲ್ಲೇ ಆಗಬೇಕು. ಎಡಕ್ಕೊಂದು ಮುಖ, ಬಲಕ್ಕೊಂದು ಮುಖ, ನಡುವೆ ಕನ್ನಡಿ. ಎರಡೂ ಮುಗಿದ ಮೇಲೆ ಮಂಡಳಿ ಇನ್ನೊಂದು ಸಲ ನೋಡಿ ಕೈಯೆತ್ತಬೇಕು.

ಮೊಮ್ಮಗಳ ಎಡದ ಅರ್ಧವನ್ನು ನೀನು ಕೆತ್ತು. ನನ್ನ ಮುಖ ನಿನಗೆ ಬಾಯಿಪಾಠವಾಗಿದೆ. ಬಲದ ಅರ್ಧ, ಆ ಬಾಯಿಬಡುಕನನ್ನು, ನಾನು ಕೆತ್ತುತ್ತೇನೆ.

ಕುಣಿಯಬೇಡ. ಅದು ಇವತ್ತಿಗೂ ವಿಕಾರವಾಗಿಯೇ ಇದೆ. ಆ ಪ್ಲಾಸ್ಟಿಕ್ ಹಲಗೆಯ ಬಗ್ಗೆ ನಾನಂದ ಒಂದು ಅಕ್ಷರವನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಪತ್ರಿಕೆಯ ಫೋಟೋವನ್ನು ಮತ್ತೆ ಮೇಜಿನ ಮೇಲೆ ಹರಡಿ ನೋಡಿದೆ. ಇಪ್ಪತ್ತೆಂಟು ವರ್ಷದ ಹಿಂದೆ ನಿನ್ನ ಕೈ ನಿಂತ ಮೂರು ಜಾಗಗಳಿವೆಯಲ್ಲ, ಮೂರೂ ಇದರಲ್ಲಿ ಹಾಗೇ ಇವೆ. ಮೇಲಂಚು, ದೀಪದ ಒಳಮೂಲೆ, ಕೆಳತುಟಿಯ ತಿರುವು. ನೀನು ಮುಖ್ಯಸ್ಥನಾದೆ, ಅವನ್ನು ತಿದ್ದುವವರು ಯಾರೂ ಉಳಿಯಲಿಲ್ಲ. ಆ ಮೂರನ್ನೂ ನಾನು ತೆಗೆಯುತ್ತೇನೆ. ಬಾಯಿ ದೊಡ್ಡದೇ ಇರಬೇಕೆಂದರೆ ಸರಿಯಾಗಿ ದೊಡ್ಡದಿರಲಿ. ನನ್ನ ಬಲಗೈ ಎರಡು ವರ್ಷದಿಂದ ಹೆಗಲಿಗಿಂತ ಮೇಲೆ ಏಳುವುದಿಲ್ಲ, ನಿನಗೆ ಹೇಳಿರಲಿಲ್ಲ. ಕಾರಿನ ಬಾಯಿಯ ಎತ್ತರಕ್ಕೆ ಅಷ್ಟು ಸಾಕು.

ನನ್ನ ಕೈಯ ಅಗಲ ಬಾಯಿ, ನಿನ್ನ ಕೈಯ ಕಿರಿದು ಬಾಯಿ. ಯಾವುದು ಗೆಲ್ಲುತ್ತದೆ ಎಂದು ನನಗೆ ಗೊತ್ತಿಲ್ಲ. ಈ ಸಲ ನಿಜವಾಗಿಯೂ ಗೊತ್ತಿಲ್ಲ.

ಒಂದನೇ ತಾರೀಖು ಬೆಳಿಗ್ಗೆ ಬರುತ್ತೇನೆ. ಮಣ್ಣು ಬೆಚ್ಚಗೆ ಮಾಡಿಸಿಡು, ನನ್ನ ಉಕ್ಕಿನ ಪಟ್ಟಿಯನ್ನು ಹುಡುಕಿಸಿಡು. ಫೋಟೋ ಗೀಟೋ ಏನೂ ಬೇಡ. ಮಂಡಳಿಯವರು ಸ್ಟುಡಿಯೋಗೇ ಬಂದು ನಿಂತು ನೋಡಲಿ, ನಾನೂ ನೀನೂ ತಿರುಗಿಸಲಾಗದ ಹಾಗೆ.

ಅಕ್ಕ